ವೋಬ್ರಾಂ ಅವರ ಬಾಯಿ

ಮಾರ್ಚ್ 4, 1754. ಬೆಳಿಗ್ಗೆ

ಸೀಸದ ಬಿಳಿ ಅರೆದಾಯಿತು. ಕುಂಚ ತೊಳೆದಾಯಿತು. ಅಪ್ಪ ಚರ್ಚಿನಿಂದ ಬರಲು ಇನ್ನೂ ಅರ್ಧ ಗಂಟೆ. ಅಷ್ಟರಲ್ಲಿ ಇದನ್ನು ಬರೆದುಬಿಡಬೇಕು.

ವೋಬ್ರಾಂ ಅವರ ಚಿತ್ರದಲ್ಲಿರುವ ನಗು ನಾನು ಬಿಡಿಸಿದ್ದು. ಅದು ಗುಟ್ಟಲ್ಲ, ಅಪ್ಪನಿಗೆ ಗೊತ್ತು. ಗುಟ್ಟು ಬೇರೆ. ಸಾಯುವ ಎಂಟು ದಿನ ಮೊದಲು ಆ ಮನುಷ್ಯ ನನ್ನನ್ನು ಕೇಳಿಕೊಂಡಿದ್ದರು, ಚಿತ್ರದಲ್ಲಿ ನನ್ನನ್ನು ನಗಿಸಬೇಡಿ ಎಂದು. ಹೂಂ ಎಂದಿದ್ದೆ. ಆಮೇಲೆ ನಗಿಸಿದೆ. ನವೆಂಬರಿನಿಂದ ಯಾರಿಗೂ ಹೇಳಿಲ್ಲ.

ಅವರು ವರ್ಸೈಲ್ಸ್ ಅರಮನೆಯಲ್ಲಿ ರಾಜರ ಒಳಕೋಣೆಯ ಬಾಗಿಲಿನ ಅಧಿಕಾರಿ. ಇಪ್ಪತ್ತಾರು ವರ್ಷ ಅದೇ ಬಾಗಿಲು. ಚಿತ್ರಕ್ಕೆಂದು ಎರಡು ಸಲ ಬಂದು ಕೂತರು. ಅಪ್ಪ ಹಣೆ, ಕಣ್ಣು, ಮೂಗು ಮುಗಿಸಿದ. ಬಾಯಿ ಯಾವಾಗಲೂ ಕೊನೆಗೆ. ಮೂರನೆಯ ಸಲ ಅವರು ಬರಲಿಲ್ಲ, ಸುದ್ದಿ ಬಂತು. ಜ್ವರ.

"ಬಾಯಿಗೇನು, ಅದು ಹೇಗೂ ನಮ್ಮ ಅಂಗಡೀದೇ," ಎಂದ ಅಪ್ಪ. "ಈ ಸಲ ನೀನೇ ಹಾಕು, ಪೆರಿನ್."

ನಿಜ. ನಮ್ಮಲ್ಲಿಂದ ಹೋದವರೆಲ್ಲ ಒಂದೇ ಬಾಯಲ್ಲಿ ನಗುತ್ತಾರೆ. ತುಟಿ ಮುಚ್ಚಿರುತ್ತದೆ, ಎರಡು ತುದಿ ಕೂದಲೆಳೆಯಷ್ಟು ಮೇಲೆ, ಎಡಗಡೆ ಒಂದು ಸಣ್ಣ ಗುಳಿ. ಬಿಷಪ್ಪರಿಗೂ ಅದೇ, ನರ್ತಕಿಗೂ ಅದೇ. ನಾಲ್ಕು ವರ್ಷದಿಂದ ನನಗೆ ಸಿಕ್ಕಿದ್ದು ಗುಂಡಿ, ಲೇಸು, ಮಡಿಲ ನಾಯಿಮರಿ. ಮುಖದ ಹತ್ತಿರ ಬಿಟ್ಟಿರಲಿಲ್ಲ. ಅವತ್ತು ಕುಂಚ ಕೈಗೆ ಬಂದಾಗ ಬೇರೇನೂ ನೆನಪಾಗಲಿಲ್ಲ...

ಸುಳ್ಳು. ನೆನಪಾಯಿತು. ನೆನಪಾಗಿಯೂ ಬಿಡಿಸಿದೆ.

ಹದಿನಾಲ್ಕರಲ್ಲಿ ಕನ್ಯಾಮಠದ ಶಾಲೆಯವರು, ನಾನು ಮಾಡದ ತಪ್ಪಿಗೆ "ಪಶ್ಚಾತ್ತಾಪಪಟ್ಟಿದ್ದೇನೆ" ಎಂದು ನೂರು ಸಲ ಬರೆಯಲು ಹೇಳಿದ್ದರು. "ಪಟ್ಟಿಲ್ಲ" ಎಂದು ಒಂದು ಸಲ ಬರೆದು ಕೊಟ್ಟು ಮನೆಗೆ ನಡೆದುಬಂದೆ. ಮತ್ತೆ ಹೋಗಲಿಲ್ಲ. ಅಂಥವಳು ನಾಲ್ಕು ತಿಂಗಳು ಬಾಯಿ ಹೊಲಿದುಕೊಂಡಿದ್ದೇನೆ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ — ಇವತ್ತು ಬೆಳಿಗ್ಗೆ ಚಿತ್ರದ ಮುಸುಕು ತೆಗೆದಾಗ ಆ ನಗು ಇರಲಿಲ್ಲ.

ಅದೇ ದಿನ, ಊಟದ ಮೇಲೆ

ಇದೆ. ಇಂಗಿದೆ, ಅಷ್ಟೆ. ಕೆಳಗಿನ ಪದರ ಎಣ್ಣೆ ಹೀರಿಕೊಂಡರೆ ಮೇಲಿನ ಬಣ್ಣ ಬೂದಿಯ ಹಾಗೆ ಮಂಕಾಗುತ್ತದೆ. ಎಲ್ಲ ಅಂಗಡಿಗಳಲ್ಲೂ ಆಗುವಂಥದ್ದು. ಆದರೆ ಇಡೀ ಮುಖ ಹೊಳೆಯುತ್ತಿದೆ. ಬಾಯಿ ಮಾತ್ರ ಇಂಗಿದೆ. ಯಾರೋ ಬೆರಳಿಂದ ಒರೆಸಿದಂತೆ.

ಹಿಲೇರ್ ಮಾವ ಬಂದು ನೋಡಿದ. ನಮ್ಮಲ್ಲಿ ಬಟ್ಟೆ ಬಿಡಿಸುವವನು ಅವನು, ಮೂವತ್ತು ವರ್ಷದಿಂದ ಕುತ್ತಿಗೆಯ ಕೆಳಗಷ್ಟೇ ಬಿಡಿಸುತ್ತಾನೆ. ಇಡೀ ಪ್ಯಾರಿಸ್ಸಿನಲ್ಲಿ ತಲೆ ಇಲ್ಲದ ದೊಡ್ಡ ಮನುಷ್ಯರನ್ನು ತನ್ನಷ್ಟು ಬಲ್ಲವರಿಲ್ಲ ಎನ್ನುತ್ತಾನೆ.

"ಉಪವಾಸದ ತಿಂಗಳಲ್ವಾ ಮರಿ, ಬಾಯಿ ಒಣಗಿದೆ. ಒಂದು ತೊಟ್ಟು ಎಣ್ಣೆ ಕುಡಿಸು."

ಅಕ್ರೋಟಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ಉಜ್ಜಿದೆ. ನಗು ವಾಪಸು ಬಂತು. ನನ್ನ ಬೆರಳ ಕೆಳಗೇ ಬಂತು.

ಮಾರ್ಚ್ 7

ಮತ್ತೆ ಇಂಗಿದೆ.

ಅವರು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ಅಕ್ಟೋಬರ್ ಕೊನೆ, ಎರಡನೆಯ ಸಲ ಕೂತ ದಿನ. ಯಾರೋ ಗಿರಾಕಿ ಬಂದರೆಂದು ಅಪ್ಪ ಕೆಳಗೆ ಹೋಗಿದ್ದ. ನಾನು ಬಣ್ಣದ ಹಲಗೆ ಒರೆಸುತ್ತಿದ್ದೆ. ಕೆಳಗೆ ಬೀದಿ ಬಾಗಿಲು ತಟ್ಟಿದ ಸದ್ದು. ವೋಬ್ರಾಂ ಅವರು ಕುರ್ಚಿಯಿಂದ ಅರ್ಧ ಎದ್ದು ಹಾಗೆಯೇ ನಿಂತರು, ಆಮೇಲೆ ಕೂತರು. ಕೆನ್ನೆಯ ಕೆಂಪು ಪೌಡರಿನ ಕೆಳಗೆ ಮುಖ ಸುಣ್ಣ. ಶಾಲೆಗೆ ಹೋಗುತ್ತೀಯಾ ಎಂದು ಕೇಳಿದರು, ಏನಾದರೂ ಕೇಳಬೇಕಲ್ಲ ಎಂದು. ಬಿಟ್ಟೆ ಎಂದೆ. ಯಾಕೆ ಎಂದರು. ಹೇಳಿದೆ. ಎಲ್ಲರೂ ನಗುತ್ತಾರೆ ಅದಕ್ಕೆ. ಅವರು ನಗಲಿಲ್ಲ.

ತಾವು ಕಾಯುವ ಬಾಗಿಲನ್ನು ಯಾರೂ ತಟ್ಟುವುದಿಲ್ಲ ಎಂದರು. ಎಡಗೈ ಕಿರುಬೆರಳ ಉಗುರಿನಿಂದ ಮೆಲ್ಲಗೆ ಕೆರೆಯಬೇಕು. ಆಸ್ಥಾನದವರು ಅದಕ್ಕೆಂದೇ ಆ ಉಗುರು ಬೆಳೆಸುತ್ತಾರೆ. ಕೆರೆದ ಸದ್ದಾದರೆ ಅಧಿಕಾರಿ ತೆಗೆಯುತ್ತಾನೆ, ದೊಡ್ಡವರಿಗೆ ಎರಡೂ ಕದ, ಉಳಿದವರಿಗೆ ಒಂದು. ತಟ್ಟಿದರೆ ಅದು ಸದ್ದೇ ಅಲ್ಲ. ಕೇಳಿಸಿದರೂ ಕೇಳಿಸಿಲ್ಲ.

ಹನ್ನೊಂದು ವರ್ಷದ ಹಿಂದೆ ಒಬ್ಬಳು ಹೆಂಗಸು ಪಿಕಾರ್ಡಿಯಿಂದ ಬಂದಿದ್ದಳು. ಸೈನ್ಯ ಬಿಟ್ಟು ಓಡಿದ ಮಗನಿಗೆ ಗುಂಡಿನ ಶಿಕ್ಷೆ. ಅರ್ಜಿ ಹಿಡಿದು ಹೇಗೋ ಆ ಬಾಗಿಲ ಮುಂದೆ ಜನ ಕಾಯುವ ಹೊರಕೋಣೆಯವರೆಗೆ ಬಂದುಬಿಟ್ಟಿದ್ದಳು. ಕೆರೆಯಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲ. ತಟ್ಟಿದಳು. ಒಳಗೆ ರಾಜರು ಇದ್ದರು, ಬಿಡುವಾಗಿಯೇ ಇದ್ದರು. ಒಂದು ಗಂಟೆ ಬಿಟ್ಟು ಮತ್ತೆ ತಟ್ಟಿದಳು. ಮತ್ತೊಂದು ಗಂಟೆಗೆ ಮತ್ತೆ. ಇವರು ಒಳಗಡೆ ಕದಕ್ಕೆ ಬೆನ್ನು ಕೊಟ್ಟು ನಿಂತಿದ್ದರು, ಪ್ರತಿ ಪೆಟ್ಟೂ ಬೆನ್ನಿಗೆ ತಾಗುತ್ತಿತ್ತಂತೆ. ರಾಜರು ಇನ್ನೊಂದು ಬಾಗಿಲಿಂದ ಬೇಟೆಗೆ ಹೊರಟ ಮೇಲೆ ಇವರು ಒಂದು ಕದ ತೆಗೆದರು.

"ತೆಗೆದು ನಕ್ಕೆ," ಎಂದರು. "ಇಲ್ಲ ಅನ್ನೋವಾಗ ನಗಬೇಕು, ನಮ್ಮಲ್ಲಿ ಹಾಗೆ ಕಲಿಸ್ತಾರೆ. ರಾಜರು ಹೊರಟುಹೋದರು ಅಮ್ಮ, ಅಂದೆ. ಆ ಮಾತು ಅವಳ ಕಿವಿಗೆ ಹೋಗಲಿಲ್ಲ. ನಗು ಕಾಣಿಸ್ತು. ಕೆಲಸ ಆಯ್ತು ಅಂದ್ಕೊಂಡು ನನ್ನ ಕೈಗೆ ಮುತ್ತಿಟ್ಟಳು."

ಮಾರನೆಯ ಬೆಳಿಗ್ಗೆ ಮಗನನ್ನು ಕೊಂದರು.

ಇಪ್ಪತ್ತೈದು ವರ್ಷ ಮುಗಿಸಿದ ಅಧಿಕಾರಿಯ ಚಿತ್ರವನ್ನು ಆ ಹೊರಕೋಣೆಯಲ್ಲೇ ಹಾಕುತ್ತಾರಂತೆ, ಕಾಯುವವರ ಎದುರಿಗೆ. ಮನೆಯವರು ಮಾಡಿಸಿ ಕಾಣಿಕೆ ಕೊಡುವುದು ಪದ್ಧತಿ.

"ಇಡೀ ದಿನ ಅವರು ಅದನ್ನೇ ನೋಡ್ತಾ ಕೂತಿರ್ತಾರೆ. ನಿಮ್ಮಪ್ಪನಿಗೆ ಹೇಳಿ ನೋಡಿದೆ, ತಮಾಷೆ ಅಂದ್ಕೊಂಡ. ನನ್ನನ್ನ ನಗಿಸಬೇಡಿ. ನೀನು ನೋಡ್ಕೋತೀಯಾ?"

ಹೂಂ ಎಂದೆ.

ಅವರ ಕಿರುಬೆರಳ ಉಗುರು ಮೊಂಡಾಗಿ ಕತ್ತರಿಸಿತ್ತು. ಅಪ್ಪ ಚಿತ್ರದಲ್ಲಿ ಅದನ್ನೂ ಉದ್ದ ಮಾಡಿದ್ದಾನೆ.

ಮಾರ್ಚ್ 11. ಬೆಳಿಗ್ಗೆ ಎಂಟು

ಮೇಲಿನ ಕೋಣೆಯಲ್ಲಿ ಕೆರೆಯುವ ಸದ್ದು. ಕ್ರ್... ಕ್ರ್... ನಿಲ್ಲುತ್ತದೆ. ಮತ್ತೆ.

ಇಲಿ ಎಂದ ಅಪ್ಪ. ಹಿಲೇರ್ ಮಾವ ಚೀಸ್ ತುಣುಕು ಇಟ್ಟ. ಹಾಗೇ ಇದೆ ಚೀಸ್.

ಅವರ ಕೋಟು ಇನ್ನೂ ನಮ್ಮಲ್ಲೇ ಇದೆ. ನೀಲಿ ರೇಷ್ಮೆ, ಬೆಳ್ಳಿ ಕಸೂತಿ. ಮುಖಕ್ಕೆ ಮಾತ್ರ ಮನುಷ್ಯರು ಬಂದು ಕೂರುವುದು, ಬಟ್ಟೆ ಬುಟ್ಟಿಯಲ್ಲಿ ಬರುತ್ತದೆ. ನಮ್ಮ ಮರದ ಆಳಿಗೆ, ಮನುಷ್ಯನಷ್ಟೇ ಎತ್ತರದ ಗೊಂಬೆಗೆ ತೊಡಿಸಿ, ಕೈಕಾಲು ಬಗ್ಗಿಸಿ ಕೂರಿಸುತ್ತೇವೆ. ಹಿಲೇರ್ ಮಾವ ಅವನೊಂದಿಗೆ ಮಾತಾಡಿಕೊಂಡೇ ಬಿಡಿಸುತ್ತಾನೆ. ನಾಲ್ಕು ತಿಂಗಳಿಂದ ವೋಬ್ರಾಂ ಅವರ ಕೋಟು ಹಾಕಿಕೊಂಡು ಗೋಡೆ ಪಕ್ಕ ಕೂತಿದ್ದಾನೆ. ತಲೆಯ ಜಾಗದಲ್ಲಿ ನುಣ್ಣನೆ ಮೊಟ್ಟೆ.

ಬಣ್ಣದ ಪುಡಿ ತರಲು ಅವನ ಮುಂದೆಯೇ ಹಾದುಹೋಗಬೇಕು. ಇವತ್ತು ಹೋಗಲಿಲ್ಲ. ಇದ್ದದ್ದರಲ್ಲೇ ಮುಗಿಸಿದೆ.

ಮಾರ್ಚ್ 12

ಗೊತ್ತಾಯಿತು. ನಮ್ಮದು ನದಿಯ ಸೇತುವೆಯ ಮೇಲೆಯೇ ಕಟ್ಟಿದ ಸಾಲುಮನೆಗಳಲ್ಲೊಂದು. ಭಾರದ ಗಾಡಿ ಹೋದಾಗ ನೆಲ ನಡುಗುತ್ತದೆ. ಮರದ ಆಳಿನ ಎಡಗೈ ಗೋಡೆಯ ಹಲಗೆಗೆ ತಾಗಿದೆ, ಕಿರುಬೆರಳ ತಂತಿ ಹೊರಬಂದು ಹಲಗೆಯ ಮೇಲೆ ಗೀಚುತ್ತಿದೆ. ಅಷ್ಟೇ. ಅಲ್ಲಿ ಗೀರು ಕೂಡ ಇದೆ.

ಒಂದು ಮೊಳ ಈಚೆಗೆ ಎಳೆದೆ. ಸದ್ದು ನಿಂತಿತು.

ನಗು ಬಂತು ನನಗೇ. ಚೆನ್ನಾಗಿ ಊಟ ಮಾಡಿದೆ, ಮೂರು ಹೆರಿಂಗ್ ಮೀನು.

ಮಾರ್ಚ್ 13. ಬೆಳಿಗ್ಗೆ ಹತ್ತು

ಈಗ ತಟ್ಟುವ ಸದ್ದು. ಮೂರು ಸಲ. ಕೆಳಗೆ ಓಡಿ ಬಾಗಿಲು ತೆಗೆದೆ. ಮೆಟ್ಟಿಲ ಮೇಲೆ ಯಾರೂ ಇಲ್ಲ. ಎದುರಿನ ಮೀನಿನವಳು, ನಿನ್ನ ಬಾಗಿಲಿಗೆ ಯಾರು ಬರ್ತಾರೆ ತಾಯಿ, ಅಂದಳು. ಹಿಲೇರ್ ಮಾವನನ್ನು ಕೇಳಿದೆ. ಅವನಿಗೆ ಕೇಳಿಸಿಲ್ಲ.

ಇದಕ್ಕೆ ಕಾರಣ ಹುಡುಕಿದೆ. ಕಿಟಕಿ, ಕೊಂಡಿ, ನೀರಿನ ಬಕೆಟ್ಟು. ಸಿಗಲಿಲ್ಲ. ಸಿಗಲಿಲ್ಲ ಎಂದೇ ಬರೆಯುತ್ತೇನೆ.

ಮಾರ್ಚ್ 16

ಎಣ್ಣೆ ಹಚ್ಚುವುದನ್ನು ಬಿಟ್ಟಿದ್ದೇನೆ. ಹಚ್ಚಿದರೆ ಎರಡು ದಿನ ನಗುತ್ತಾರೆ, ಮೂರನೆಯ ದಿನ ಇಲ್ಲ. ಮುಸುಕು ತೆಗೆಯುವುದು ಅಪ್ಪನ ಕೆಲಸ ಈಗ. ಅವನಿಗೆ ತಲೆಬಿಸಿ, ಈಸ್ಟರ್ ಹಬ್ಬದೊಳಗೆ ಚಿತ್ರ ಅರಮನೆಗೆ ಹೋಗಬೇಕು.

ಮಾರ್ಚ್ 19

ವೋಬ್ರಾಂ ಅವರ ಹೆಂಡತಿ ಬಂದಿದ್ದರು. ಕಪ್ಪು ಬಟ್ಟೆ, ಜೊತೆಗೆ ಯಾರೂ ಇಲ್ಲ. ಅಪ್ಪ ಬೆಳಿಗ್ಗೆಯೇ ಎಣ್ಣೆ ಉಜ್ಜಿ ತಯಾರು ಮಾಡಿದ್ದ, ನಗು ತಾಜಾ ಇತ್ತು.

ಮದಾಂ ತುಂಬ ಹೊತ್ತು ನೋಡಿದರು. ಈ ನಗುವನ್ನು ತಾವು ಮನೆಯಲ್ಲಿ ಕಂಡೇ ಇಲ್ಲ ಎಂದರು. ಅದು ಅರಮನೆಯಲ್ಲೇ ಇರುತ್ತಿತ್ತಂತೆ, ಕೋಟಿನ ಜೊತೆ ಹಾಕಿಕೊಂಡು ಕೋಟಿನ ಜೊತೆ ತೆಗೆದಿಡುವಂಥದ್ದು. ಮದುವೆಯ ಮೊದಲ ವರ್ಷಗಳಲ್ಲಿ ಬೇರೊಂದಿತ್ತು, ಹನ್ನೊಂದು ವರ್ಷದಿಂದ ಯಾವುದೂ ಇಲ್ಲ. ತಮಗೂ ಒಂದು ನಕಲು ಬೇಕು, ಮಲಗುವ ಕೋಣೆಗೆ.

ಆಮೇಲೆ ನನ್ನ ಕಡೆ ತಿರುಗಿದರು. "ನೀನು ಇಲ್ಲೇ ಇದ್ದೆಯಂತೆ. ಇಲ್ಲಿ ಕೂತಾಗ ಹೀಗೆ ನಗ್ತಾ ಇದ್ದರಾ?"

ಅಪ್ಪ ನನ್ನ ಕಾಲು ತುಳಿದ.

"ಇಲ್ಲ ಮದಾಂ. ಒಂದು ಸಲಾನೂ ನಗಲಿಲ್ಲ. ಅದು ನಾನು ಹಾಕಿದ್ದು. ಹಾಕಬೇಡ ಅಂತ ಅವರೇ ನನಗೆ ಹೇಳಿದ್ದರು."

ಎಲ್ಲ ಹೇಳಿಬಿಟ್ಟೆ. ಬಾಗಿಲು, ಹೆಂಗಸು, ಅರ್ಜಿ, ಕೈಗೆ ಇಟ್ಟ ಮುತ್ತು. ಅಪ್ಪ ಕಿಟಕಿಯ ಕಡೆ ತಿರುಗಿ ನಿಂತ. ಮದಾಂಗೆ ಆ ಹೆಂಗಸಿನ ವಿಷಯ ಗೊತ್ತಿರಲಿಲ್ಲ. ಕೈಗವಸು ಬಿಚ್ಚಿದರು, ಹಾಕಿಕೊಂಡರು, ಮತ್ತೆ ಬಿಚ್ಚಿದರು.

"ಜ್ವರದಲ್ಲಿ ಒಂದೇ ಮಾತು," ಎಂದರು ಕೊನೆಗೆ. "ಎರಡೂ ಕದ ತೆಗೀರಿ, ಎರಡೂ ಕದ ತೆಗೀರಿ ಅಂತ. ರಾಜವಂಶದವರು ಯಾರೋ ಬಂದಿದ್ದಾರೆ ಅಂತ ಕನಸು ಅಂದ್ಕೊಂಡಿದ್ದೆ."

ಹೊರಡುವಾಗ ಬಾಗಿಲಲ್ಲಿ ನಿಂತು, ನಕಲಿನಲ್ಲಿ ನಗು ಇರಲಿ ಎಂದರು. ಸುಳ್ಳು ಅಂತ ಗೊತ್ತಾಯಿತು, ಆದರೂ ಇರಲಿ.

ಅರಮನೆಯದ್ದರ ಬಗ್ಗೆ ಏನೂ ಹೇಳಲಿಲ್ಲ. ಅಪ್ಪ ಊಟಕ್ಕೆ ಕೂರಲಿಲ್ಲ.

ಏಪ್ರಿಲ್ 2. ಬೆಳಿಗ್ಗೆ ಏಳು

ಹದಿನೈದು ದಿನ ಬರೆದಿಲ್ಲ. ಮದಾಂ ಅವರ ನಕಲು ಮಾಡುತ್ತಿದ್ದೆ. ಮುಗಿಯಿತು. ಆ ನಗುವನ್ನು ಎರಡನೆಯ ಸಲ ಹಾಕುವಾಗ ಅಳುಕು ಇರಲಿಲ್ಲ, ಕೇಳಿದವರಿಗೆ ಗೊತ್ತಿದ್ದೇ ಕೇಳಿದ್ದರಲ್ಲ. ನಕಲು ಇಂಗಿಲ್ಲ. ಮೊದಲ ದಿನದ ಹಾಗೇ ಹೊಳೆಯುತ್ತಿದೆ.

ತಟ್ಟುವ ಸದ್ದು ಮಾತ್ರ ದಿನಾ. ಹತ್ತು ಗಂಟೆಗೆ, ಹನ್ನೊಂದಕ್ಕೆ, ಹನ್ನೆರಡಕ್ಕೆ. ಪ್ರತಿ ಸಲವೂ ಹೋಗಿ ಬಾಗಿಲು ತೆಗೆಯುತ್ತೇನೆ. ಹಿಲೇರ್ ಮಾವ ಮೊದಲು ನಕ್ಕ, ಈಗ ನಗುವುದಿಲ್ಲ.

ಇವತ್ತು ಅಪ್ಪ ವರ್ಣಚಿತ್ರಕಾರರ ಸಂಘದ ಸಭೆಗೆ ಹೋಗುತ್ತಾನೆ. ಸಂಜೆಯವರೆಗೆ ಬರುವುದಿಲ್ಲ. ಸಣ್ಣ ಚಾಕು ಹರಿತ ಮಾಡಿದ್ದೇನೆ.

ಅದೇ ದಿನ, ನಾಲ್ಕು ಗಂಟೆ

ಕೆರೆದು ತೆಗೆದೆ.

ಬಣ್ಣ ಚಕ್ಕಳದಷ್ಟು ಗಟ್ಟಿಯಾಗಿತ್ತು. ಚಾಕುವಿನ ತುದಿಯಿಂದ ಸ್ವಲ್ಪ ಸ್ವಲ್ಪವೇ. ಕ್ರ್... ಕ್ರ್... ಅದೇ ಸದ್ದು. ಕೆಳಗೆ ಅಪ್ಪ ಮೊದಲ ದಿನ ಎಳೆದ ಕಂದು ಗೆರೆ ಸಿಕ್ಕಿತು. ಅಲ್ಲಿಂದ ಶುರು ಮಾಡಿದೆ.

ಕಣ್ಣು ಮುಚ್ಚಿ ಆ ದಿನವನ್ನು ನೆನೆದೆ. ಹೂಂ ಎಂದಾಗ ಅವರ ಬಾಯಿ ಹೇಗಿತ್ತು? ದುಃಖ ಅಲ್ಲ. ದುಃಖವಾಗಿದ್ದರೆ ಸುಲಭವಿತ್ತು. ಕೆಳತುಟಿ ಒಣಗಿತ್ತು. ತುಟಿಗಳ ನಡುವೆ ಹುಲ್ಲೆಸಳಿನಷ್ಟು ಸಂದು. ಯಾರೋ ಕರೆದಿದ್ದಾರೆ, ಬಂದೆ ಎನ್ನಬೇಕು, ಇನ್ನೂ ಅಂದಿಲ್ಲ. ಅಂಥ ಬಾಯಿ. ಇಂಗಳೀಕದ ಕೆಂಪು ಬಹಳ ಕಡಿಮೆ, ಬಿಳಿ, ಒಂದು ಚೂರು ಮಣ್ಣಿನ ಹಸಿರು. ಕಿರುಬೆರಳ ಉಗುರನ್ನೂ ಮೊಂಡು ಮಾಡಿದೆ.

ಹನ್ನೊಂದಕ್ಕೆ ಬಾಗಿಲು ತಟ್ಟಿದ ಸದ್ದು. ಕೈಯಲ್ಲಿ ಕುಂಚ ಇತ್ತು, ಆದರೂ ಹೋಗಿ ತೆಗೆದು ಬಂದೆ.

ಹನ್ನೆರಡಕ್ಕೆ ತಟ್ಟಲಿಲ್ಲ.

ಏಪ್ರಿಲ್ 3

ಅಪ್ಪ ನೋಡಿದ. ಬೈಯಲಿಲ್ಲ. ಗೋಡೆಯ ಕನ್ನಡಿ ಬಿಚ್ಚಿ ತಂದು, ಚಿತ್ರಕ್ಕೆ ಬೆನ್ನು ಮಾಡಿ ಕೂತು, ಕನ್ನಡಿಯಲ್ಲಿ ನೋಡಿದ. ತಪ್ಪು ಹುಡುಕಬೇಕಾದರೆ ಹಾಗೆ ನೋಡುತ್ತಾನೆ. ಬಹಳ ಹೊತ್ತು.

"ಇದು ಅವನೇ," ಎಂದ. "ಅದೇ ತೊಂದರೆ."

ಕನ್ನಡಿ ಇಳಿಸಿದ. "ಜನ ನಮ್ಮ ಹತ್ರ ತಮ್ಮ ಮುಖಕ್ಕೆ ಬರಲ್ಲ ಕಣೇ. ನಮ್ಮ ನಗೆಗೆ ಬರ್ತಾರೆ. ಕೆಳಗೆ ನನ್ನ ಹೆಸರಿದೆ."

ವಾಪಸು ನಗು ಹಾಕಬೇಕೆಂದ. ನಾನು ಹಾಕುವುದಿಲ್ಲ ಎಂದೆ. ಹಾಗಾದರೆ ನಾನೇ ಹಾಕುತ್ತೇನೆ ಎಂದು ಕುಂಚ ತೆಗೆದುಕೊಂಡ. ನಿಂತ. ಗುಂಡಿಯ ಮೇಲೊಂದು ಚುಕ್ಕಿ ಇಟ್ಟ, ಸುಮ್ಮನೆ. ಕುಂಚ ತೊಳೆಯಲು ನನಗೆ ಕೊಟ್ಟ.

ತೀರ್ಮಾನ ಮದಾಂ ಮಾಡಲಿ ಎಂದ. ಕಾಣಿಕೆ ಅವರದ್ದು.

ಏಪ್ರಿಲ್ 5

ಮದಾಂ ಬಂದರು. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೆವು, ನಗುವುದು, ನಗದಿರುವುದು. ನಗದಿರುವುದರ ಮುಂದೆ ನಿಂತರು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

"ಮನೆಗೆ ಬರ್ತಾ ಇದ್ದವರು ಇವರು," ಎಂದರು. "ಇವರನ್ನ ಕಳಿಸಿ."

ಅರಮನೆಯವರು ಆಕ್ಷೇಪ ಮಾಡಬಹುದು ಎಂದ ಅಪ್ಪ. ಗಂಡನ ಮುಖ ತಮಗಿಂತ ಚೆನ್ನಾಗಿ ಅವರಿಗೆ ಗೊತ್ತಿದ್ದರೆ ಬಂದು ಹೇಳಲಿ, ಎಂದರು ಮದಾಂ.

ನಗುವುದನ್ನು ಬಟ್ಟೆಯಲ್ಲಿ ಸುತ್ತಿ ತಾವೇ ಒಯ್ದರು. ಕೋಟನ್ನೂ. ಮರದ ಆಳು ಈಗ ಬರೀ ಮರ.

ಏಪ್ರಿಲ್ 9

ಹಿಲೇರ್ ಮಾವ ನಿನ್ನೆ ಚಿತ್ರ ಒಯ್ದು ಇವತ್ತು ಬಂದ. ಹೊಸ ಬಾಗಿಲಧಿಕಾರಿ, ಮೂವತ್ತು ವರ್ಷದವನಂತೆ, ಮುಖ ಸಿಂಡರಿಸಿದನಂತೆ. "ಇದು ಬಾಗಿಲ ಒಳಗಿನವರ ಮುಖ ಅಲ್ಲ," ಎಂದನಂತೆ. ಆದರೆ ಮದಾಂ ಅವರ ಪತ್ರ ಇತ್ತು. ಬಾಗಿಲ ಎದುರಿನ ಗೋಡೆಗೆ ಹಾಕಿದರು.

ಹಿಲೇರ್ ಮಾವ ಸ್ವಲ್ಪ ಹೊತ್ತು ಅಲ್ಲೇ ಬೆಂಚಿನ ಮೇಲೆ ಕೂತನಂತೆ, ಕಾಲು ನೋವೆಂದು. ಪಕ್ಕದಲ್ಲಿ ಒಬ್ಬ ಮುದುಕ, ಕೈಯಲ್ಲಿ ಅರ್ಜಿ. ಬಹಳ ಹೊತ್ತು ಚಿತ್ರ ನೋಡಿದ ಮೇಲೆ ಇವನ ಕಿವಿಯ ಹತ್ತಿರ ಬಗ್ಗಿ ಕೇಳಿದನಂತೆ:

"ಇವರೂ ಕಾಯ್ತಾ ಇದ್ದಾರಾ?"

ಇದನ್ನು ಹೇಳುವಾಗ ಹಿಲೇರ್ ಮಾವ ತಮಾಷೆ ಮಾಡಲಿಲ್ಲ. ಮೂಗು ಒರೆಸಿಕೊಂಡ. ನೀನೇನಂದೆ ಮಾವ ಎಂದು ಕೇಳಿದೆ. ಹೌದು ಅಂದೆ, ಎಂದ. ಆಮೇಲೆ ಆ ಮುದುಕನಿಗೆ, ತಟ್ಟಬೇಡಿ, ಉಗುರಲ್ಲಿ ಕೆರೀಬೇಕು ಎಂದು ಹೇಳಿಕೊಟ್ಟು ಬಂದನಂತೆ.

ಏಪ್ರಿಲ್ 12

ತೆರಿಗೆ ಗುತ್ತಿಗೆದಾರರ ಹೆಂಡತಿಯ ಚಿತ್ರ. ಅಪ್ಪ ಬಾಯಿಯನ್ನು ನನಗೇ ಬಿಟ್ಟ. ಪರೀಕ್ಷೆ ಎಂದು ಇಬ್ಬರಿಗೂ ಗೊತ್ತಿತ್ತು.

ಮುಚ್ಚಿದ ತುಟಿ, ಎತ್ತಿದ ತುದಿ, ಎಡಕ್ಕೆ ಗುಳಿ. ಹಾಕಿದೆ. ನೋಡಿದರೆ ಆಕೆ ಹಲ್ಲುನೋವು ತಡೆದುಕೊಂಡು ಕೂತಂತಿದೆ. ಒರೆಸಿ ಮತ್ತೆ ಹಾಕಿದೆ. ಈ ಸಲ ಯಾರಿಗೋ ಹೆದರಿದಂತೆ. ಮೂರನೆಯ ಸಲ ಆಕೆಯೇ ಎದ್ದು ಬಂದು ನೋಡಿದಳು. ಯಾರು ಹೇಳಿದರು ನಿನಗೆ, ಎಂದು ನನ್ನನ್ನು ಕೇಳಿದಳು. ಮುಖ ಬಿಳಿಚಿತ್ತು. ಬೀಸಣಿಗೆ ಮರೆತು ಹೋಗಿಬಿಟ್ಟಳು.

ನಾನು ಬೇಕೆಂದು ಮಾಡಲಿಲ್ಲ. ಇದನ್ನು ಅಪ್ಪ ನಂಬಿದ. ಅದಕ್ಕೇ ಅವನಿಗೆ ಹೆಚ್ಚು ಬೇಜಾರು.

ಏಪ್ರಿಲ್ 15

ಈಸ್ಟರ್ ಆಯಿತು. ಕುರಿಮಾಂಸ, ಮೊಟ್ಟೆ. ಊಟದ ಮೇಲೆ ಅಪ್ಪ ಹೊರಗೆ ಕರೆದ. ಸೇತುವೆಯ ಕಟ್ಟೆಗೆ ಒರಗಿ ನೀರು ನೋಡುತ್ತ ಹೇಳಿದ.

"ನಿನ್ನ ಕೈ ಕೆಟ್ಟಿದೆ ಅಂತ ಅಲ್ಲ. ನನ್ನ ಅಂಗಡಿಗೆ ಕೆಟ್ಟಿದೆ."

ರೂಆನ್ ಎಂಬ ಬಂದರು ಊರಿನಲ್ಲಿ ಅವನ ಹಳೆಯ ಗೆಳೆಯ ಒಬ್ಬನಿದ್ದಾನೆ, ಹಡಗಿನ ಯಜಮಾನರ ಚಿತ್ರ ಬಿಡಿಸುವವನು. ಅವರಿಗೆ ನಗು ಬೇಡವಂತೆ, ಗಾಳಿಗೆ ಮುಖ ಒಡೆದವರು. ಪತ್ರ ಬರೆದಾಗಿದೆಯಂತೆ. ಉತ್ತರವೂ ಬಂದಿದೆಯಂತೆ. ಯಾವಾಗ ಬರೆದೆ ಎಂದು ಕೇಳಿದೆ.

"ಕನ್ನಡಿಯಲ್ಲಿ ನೋಡಿದ ದಿನ."

ಏಪ್ರಿಲ್ 17. ಬೆಳಿಗ್ಗೆ ಹನ್ನೊಂದು

ಪೆಟ್ಟಿಗೆ ಕಟ್ಟಿದ್ದೇನೆ. ಎರಡು ಲಂಗ, ಆರು ಕುಂಚ, ಸಣ್ಣ ಚಾಕು. ಹಿಲೇರ್ ಮಾವ ಮರದ ಆಳಿನ ಕಿರುಬೆರಳ ತಂತಿಯನ್ನು ಕಿತ್ತು ಕೊಟ್ಟ, ಇಟ್ಕೋ, ನಿನ್ನ ಇಲಿ, ಎಂದು. ನನ್ನ ಲಂಗದ ಕಿಸೆಯಲ್ಲಿ ಹಾಕಿದ್ದೇನೆ.

ಅಪ್ಪ ಕೆಳಗೆ ತನ್ನ ಹಳೆಯ ಬಣ್ಣದ ಹಲಗೆಯನ್ನು ಒರೆಸುತ್ತಿದ್ದಾನೆ. ನನಗೆ ಕೊಡಲು ಇರಬೇಕು. ಅರ್ಧ ಗಂಟೆಯಿಂದ ಒರೆಸುತ್ತಿದ್ದಾನೆ.

ಆ ಸದ್ದು ಮತ್ತೆ ಬಂದಿರಲಿಲ್ಲ, ಹದಿನೈದು ದಿನ. ಪೂರ್ತಿ ನಿಂತಿತು ಎಂದು ಬರೆಯೋಣ ಎಂದೇ ಈಗ ಕೂತಿದ್ದು.

ತಟ್ಟುತ್ತಿದ್ದಾರೆ. ಒಂದು. ಎರಡು. ಅಪ್ಪ ಹಲಗೆ ಒರೆಸುವುದನ್ನು ನಿಲ್ಲಿಸಿದ. ಅವನಿಗೂ ಕೇಳಿಸಿದೆ.

ಯಾರಿದ್ದರೂ, ಇರದಿದ್ದರೂ ಹೋಗಿ ತೆಗೆಯುತ್ತೇನೆ, ಎರಡೂ ಕದ. ನಾಳೆ ಬೆಳಿಗ್ಗೆ ಐದಕ್ಕೆ ರೂಆನಿನ ಬಂಡಿ. ಹೊರಡುತ್ತೇನೆ.